ಕಾಫಿಗೆ ಯಾರೂ ಏಳದ ಕಛೇರಿ

ಒಳ್ಳೆಯ ಟೆಕ್ನೋ ಸಂಗೀತ ಯಾವುದು, ಕೆಟ್ಟದ್ದು ಯಾವುದು ಎಂದು ನನಗೆ ಗೊತ್ತು. ಹೀಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತಳಾಗಿ, ಸಂಜೆ ಜಯನಗರದಲ್ಲಿ ಹೂವು, ಸೊಪ್ಪು ತರಲು ಕೈಚೀಲ ಹಿಡಿದು ಓಡಾಡುವ ಹೆಂಗಸು ಈ ಮಾತು ಆಡಿದರೆ ಜನ ಮೊದಲು ನಗುತ್ತಾರೆ, ಆಮೇಲೆ "ಮಗ ಕಲಿಸಿದ್ನಾ?" ಎಂದು ಕೇಳುತ್ತಾರೆ. ನನ್ನ ಮಗನಿಗೆ ಸಂಗೀತವೆಂದರೆ ಜಿಮ್ಮಿನಲ್ಲಿ ಹಾಕುವ ಗಲಾಟೆ. ನನಗೆ ಯಾರೂ ಕಲಿಸಲಿಲ್ಲ, ನಾನೇ ಹುಡುಕಿಕೊಂಡೆ. ಯಾಕೆ ಹುಡುಕಬೇಕಾಯಿತು ಎನ್ನುವುದನ್ನು ಹೇಳಬೇಕಾದರೆ ಮಾತ್ರ ಅಕ್ಕನಿಂದ ಶುರುಮಾಡಬೇಕು.

ನಾನೂ ಅಕ್ಕನೂ ಎಲ್ಲದಕ್ಕೂ ಜಗಳವಾಡುತ್ತೇವೆ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ, ಅಪ್ಪನಿಗೆ ಯಾರ ಮೇಲೆ ಪ್ರೀತಿ ಜಾಸ್ತಿ ಇತ್ತು, ಮದುವೆ ಮನೆಗೆ ಎಷ್ಟು ಹೊತ್ತಿಗೆ ಹೋದರೆ ಮರ್ಯಾದೆ, ಯಾವುದೂ ಬಿಟ್ಟಿಲ್ಲ. ಅವಳಿರುವುದು ತ್ಯಾಗರಾಜನಗರದಲ್ಲಿ, ನನ್ನ ಮನೆಯಿಂದ ಆಟೋದಲ್ಲಿ ಕೂತರೆ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬರುತ್ತದೆ. ಆದರೂ ಒಬ್ಬರ ಮನೆಗೊಬ್ಬರು ಹೋಗುವುದು ಹಬ್ಬಕ್ಕೆ ಮಾತ್ರ. ಫೋನಿನಲ್ಲಿ ಮಾತು ಸ್ವಲ್ಪ ಉದ್ದವಾದರೆ ಇಬ್ಬರಲ್ಲೊಬ್ಬರು ಸಿಟ್ಟಿನಿಂದ ಇಟ್ಟುಬಿಡುತ್ತೇವೆ. ಹಾಗಿದ್ದೂ ಮೂರು ದಶಕದಿಂದ ನಾವು ಬಿಡದೆ ಒಟ್ಟಿಗಿರುವುದು ಕಛೇರಿಗಳಲ್ಲಿ. ರಾಮನವಮಿಯ ಪೆಂಡಾಲು, ಡಿಸೆಂಬರಿನ ಉತ್ಸವ, ಬನಶಂಕರಿಯಲ್ಲಿ ಯಾರದೋ ಮನೆಯ ಮಹಡಿ, ಎಲ್ಲಿ ಹಾಡಿದರೂ ಪಕ್ಕಪಕ್ಕದ ಎರಡು ಕುರ್ಚಿ ನಮ್ಮದು. ಅಲ್ಲಿ ಮಾತ್ರ ಜಗಳವಿಲ್ಲ.

ಅಲ್ಲಿ ಪಂದ್ಯ ಇರುತ್ತಿತ್ತು. ಹಾಡುವವರು ಆಲಾಪನೆಗೆ ಬಾಯಿ ತೆರೆಯುತ್ತಿದ್ದಂತೆ ರಾಗ ಯಾವುದೆಂದು ಮೊದಲು ಹೇಳಿದವರು ಗೆದ್ದಂತೆ, ಸೋತವರು ಕಾಫಿ ಕೊಡಿಸಬೇಕು. ಅಕ್ಕ ವೀಣೆ ಕಲಿತವಳು, ಬಹಳ ಸಲ ಅವಳೇ ಗೆಲ್ಲುತ್ತಿದ್ದಳು. ಅವಳ ಬಲಮೊಣಕಾಲು ಹೆಚ್ಚು ಹೊತ್ತು ಮಡಚಿದರೆ ನೋಯುತ್ತದೆ. ಅದಕ್ಕೇ ಸಾಲಿನ ಬಲತುದಿಯ ಕುರ್ಚಿ ಅವಳದು, ಕಾಲನ್ನು ಓಡಾಡುವ ದಾರಿಗೆ ಚಾಚಿಕೊಂಡು ಕೂರುತ್ತಾಳೆ. ಅವಳ ಎಡಕ್ಕೆ ನಾನು. ಹಾಗಾಗಿ ಅವಳ ಪಿಸುಮಾತೆಲ್ಲ ನನ್ನ ಬಲಗಿವಿಗೆ. "ತೋಡಿ." "ಪಿಟೀಲು ನೋಡೇ, ಎಷ್ಟು ಚೆನ್ನಾಗಿ ಕಾಯ್ತಾ ಇದಾನೆ." "ಈ ಸೀರೆ ಇವಳು ಹೋದ ವರ್ಷಾನೂ ಉಟ್ಟಿದ್ಲು." ಅರ್ಧ ಸಂಗೀತ ನಾನು ವೇದಿಕೆಯಿಂದ ಕೇಳುತ್ತಿದ್ದೆ, ಇನ್ನರ್ಧ ಅಕ್ಕನ ಬಾಯಿಂದ.

ನಮ್ಮದು ಇನ್ನೊಂದು ಪದ್ಧತಿ ಇತ್ತು. ನಮ್ಮಿಬ್ಬರದೇ ಅಲ್ಲ, ಅರ್ಧ ಸಭೆಯದು. ತನಿ ಶುರುವಾದರೆ ಕಾಫಿ. ಗಾಯಕರು ದೊಡ್ಡ ಕೃತಿಯನ್ನು ಹಾಡಿ ಮುಗಿಸಿ, ಇನ್ನು ನೀವು ನುಡಿಸಿ ಎಂದು ಮೃದಂಗ ಮತ್ತು ಘಟದವರಿಗೆ ಬಿಟ್ಟುಕೊಡುತ್ತಾರಲ್ಲ, ಆ ತನಿ ಆವರ್ತನ ಬಂದ ಕೂಡಲೇ ಸೀರೆಗಳೂ ಪಂಚೆಗಳೂ ಸದ್ದು ಮಾಡಿಕೊಂಡು ಎದ್ದು ಹೊರಗೆ ನಡೆಯುತ್ತವೆ. ಮೃದಂಗದವರು ಕಣ್ಣು ಮುಚ್ಚಿಕೊಂಡು ನುಡಿಸುತ್ತಾರೆ, ಬಹುಶಃ ಅದನ್ನು ನೋಡಬಾರದೆಂದೇ. ಅಕ್ಕ ಈ ಮೆರವಣಿಗೆಯಲ್ಲಿ ಯಾವಾಗಲೂ ಮೊದಲಿಗಳು. ನಾವು ಕಾಫಿ ಕುಡಿದು, ಒಂದು ವಡೆ ತಿಂದು, ಮುಕ್ತಾಯದ ಹೊತ್ತಿಗೆ ಬಂದು ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆವು.

ಒಂದು ಬೆಳಿಗ್ಗೆ ಎದ್ದಾಗ ನನ್ನ ಬಲಗಿವಿ ಕಟ್ಟಿಕೊಂಡಿತ್ತು. ಸ್ನಾನದ ನೀರು ಹೋಗಿರಬೇಕೆಂದು ಒಂಟಿ ಕಾಲಲ್ಲಿ ಕುಣಿದೆ, ಮೂಗು ಹಿಡಿದು ಊದಿದೆ, ಬಿಡಲಿಲ್ಲ. ಸಂಜೆ ಬನಶಂಕರಿಯಲ್ಲಿ ಕಛೇರಿಯಿತ್ತು. ಕಿವಿ ಕಟ್ಟಿಕೊಂಡಿತೆಂದು ಕಛೇರಿ ಬಿಡುವವಳಲ್ಲ ನಾನು. ಹೋಗಿ ಕೂತರೆ, ಹಾಡು ಶುರುವಾದ ಕ್ಷಣದಿಂದ ಹಲ್ಲು ಜುಮ್ಮೆನ್ನತೊಡಗಿತು.

"ಶ್ರುತಿ ಸೇರಿಲ್ಲ," ಎಂದೆ.

"ಯಾರದ್ದೇ?" ಅಕ್ಕ ತಿರುಗಿದಳು.

"ಎಲ್ಲರದ್ದೂ. ಹಾಡೋರದ್ದು, ಪಿಟೀಲಿನವರದ್ದು, ಒಬ್ಬರದ್ದೂ ಸರಿಯಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ನಾನು ಸುಮ್ಮನಿರುವವಳೇ? ತನಿ ಶುರುವಾಗಿ ಎಲ್ಲರೂ ಕಾಫಿಗೆ ಎದ್ದಾಗ ಸೀದಾ ಹೋಗಿ ಕಾರ್ಯಕ್ರಮದ ಏರ್ಪಾಡು ನೋಡಿಕೊಳ್ಳುತ್ತಿದ್ದವರನ್ನು ಹಿಡಿದೆ. ತಂಬೂರಿ ಇನ್ನೊಮ್ಮೆ ಕೂಡಿಸಿ, ಇಷ್ಟು ದೊಡ್ಡ ವಿದ್ವಾಂಸರನ್ನು ಕರೆಸಿ ಹೀಗೆ ಹಾಡಿಸಬಾರದು ಎಂದು ಬ್ಯಾಂಕಿನ ಗತ್ತಿನಲ್ಲೇ ಹೇಳಿದೆ. ಪಾಪ, ಅವರು ವಿನಯದಿಂದ, "ಚೆನ್ನಾಗೇ ಕೂಡಿದೆಯಲ್ಲಾ ಮೇಡಂ," ಎಂದರು. ಶ್ರುತಿಯ ವಿಷಯದಲ್ಲಿ ನನ್ನ ಮಾತನ್ನು ಅದುವರೆಗೆ ಯಾರೂ ತಳ್ಳಿಹಾಕಿರಲಿಲ್ಲ. ನಾನು ಅವರ ಕಿವಿಯನ್ನೇ ಅನುಮಾನಿಸಿಕೊಂಡು ಮನೆಗೆ ಬಂದೆ.

ಬಂದವಳು ಶ್ರುತಿಪೆಟ್ಟಿಗೆ ಹಾಕಿದೆ. ಅದು ಯಂತ್ರ, ಅದಕ್ಕೆ ಗಂಟಲು ಕಟ್ಟುವುದಿಲ್ಲ. ಅದೂ ಅಪಶ್ರುತಿಯಲ್ಲಿತ್ತು. ಬಲಗಿವಿಗೆ ಬೆರಳಿಟ್ಟೆ, ಷಡ್ಜ ಸರಿಯಾಗಿ ನಿಂತಿತು. ಎಡಗಿವಿಗೆ ಬೆರಳಿಟ್ಟೆ, ಅದೇ ಷಡ್ಜ ಕೆಳಗೆ ಕುಸಿಯಿತು. ಬೆರಳು ತೆಗೆದು, ಇಟ್ಟು, ತೆಗೆದು, ದೇವರ ಮನೆಯ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಶ್ರುತಿ ತಪ್ಪಿದ್ದು ನನ್ನದು.

ಡಾಕ್ಟರು ಒಳಕಿವಿಯ ನರಕ್ಕೆ ಪೆಟ್ಟಾಗಿದೆ ಎಂದರು. ಯಾಕೆಂದು ಅವರಿಗೂ ಗೊತ್ತಿಲ್ಲ, ಕೆಲವರಿಗೆ ಹೀಗೆ ಆಗುತ್ತದಂತೆ. ಮಾತ್ರೆ ಕೊಟ್ಟರು. ಕಿವಿ ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಎದುರು ಕೂತು ಜೋರಾಗಿ ಆಡಿದ ಮಾತು ಕೇಳುತ್ತದೆ, ಪಿಸುಮಾತು ಕೇಳುವುದಿಲ್ಲ. ಸ್ವರ ಕೇಳುತ್ತದೆ, ಆದರೆ ಬೇರೆಯದೇ ಜಾಗದಲ್ಲಿ. "ಪರಿಚಯ ಇರೋ ಸಂಗೀತಾನೇ ಕೇಳ್ತಾ ಇರಿ ಮೇಡಂ, ಮೆದುಳು ನಿಧಾನವಾಗಿ ಅಡ್ಜಸ್ಟ್ ಮಾಡ್ಕೊಳ್ಳತ್ತೆ," ಎಂದರು. ಆ ಸಲಹೆಯಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಪರಿಚಯದ ರಾಗ ಹೇಗಿರಬೇಕೆಂದು ನನಗೆ ಗೊತ್ತಿದ್ದುದೇ ಕಷ್ಟ. ಕಾಂಬೋಧಿ ಹಾಕಿದರೆ ಒಂದು ಕಿವಿಯಲ್ಲಿ ಕಾಂಬೋಧಿ, ಇನ್ನೊಂದರಲ್ಲಿ ಅದನ್ನು ಯಾರೋ ಅಣಕಿಸುತ್ತಿದ್ದಾರೆ. ಹತ್ತಿ ತುರುಕಿಕೊಂಡರೆ ಒಳಗೇ ಗುಂಯ್ ಎನ್ನುವ ಸದ್ದು ಏಳುತ್ತದೆ. ನಾನು ಅತ್ತೆ. ನಮ್ಮನೆಯವರು ಕ್ರಿಕೆಟ್ಟಿನ ಧ್ವನಿ ಕಮ್ಮಿ ಮಾಡಿ ಪಕ್ಕದಲ್ಲಿ ಬಂದು ಕೂತರು, ಸೌತೆಕಾಯಿ ಹೆಚ್ಚಿಕೊಟ್ಟರು.

ಅಕ್ಕನಿಗೆ ಕಿವಿ ಸರಿಯಿಲ್ಲ ಎಂದಷ್ಟೇ ಹೇಳಿದೆ. ಯಾವ ಕಿವಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ದಶಕ ಅವಳು ತುಂಬಿದ ಕಿವಿಯೇ ಹೋಗಿದೆ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಆಮೇಲೆ ಕಛೇರಿಗೆ ಕರೆದಾಗಲೆಲ್ಲ ಒಂದೊಂದು ನೆವ ಹೇಳಿದೆ. ನೆಂಟರು, ನೆಗಡಿ, ನೀರಿನ ಮೋಟಾರು ರಿಪೇರಿ. ನಮ್ಮಿಬ್ಬರ ನಡುವೆ ಉಳಿದದ್ದು ಬೆಲ್ಲದ ಜಗಳ ಮಾತ್ರ, ಅದಕ್ಕಾಗಿ ಯಾರೂ ಆಟೋ ಹತ್ತಿ ಬರುವುದಿಲ್ಲ. ಕಛೇರಿ ಹೋದರೆ ಅಕ್ಕನೂ ಹೋದಳು ಎಂದು ನನಗೆ ಹೆದರಿಕೆಯಾಗಿತ್ತು. ಸಂಗೀತ ಹೋದದ್ದಕ್ಕಿಂತ ಇದೇ ಹೆಚ್ಚು ಹೆದರಿಸಿತು.

ರಾಮನವಮಿಗೆ ಅವಳು ಕರೆಯಲಿಲ್ಲ, ಸೀದಾ ಬಂದು ಗೇಟಿನ ಹತ್ತಿರ ಆಟೋ ನಿಲ್ಲಿಸಿಕೊಂಡು ಹಾರ್ನ್ ಹೊಡೆಸಿದಳು. ಹೋದೆ. ಪೆಂಡಾಲಿನಲ್ಲಿ ಎಂದಿನ ಕುರ್ಚಿ, ಎಂದಿನ ಪಾನಕ, ಕೋಸಂಬರಿ. ಹಾಡು ಶುರುವಾಯಿತು, ನನ್ನ ಹಿಂಸೆಯೂ ಶುರುವಾಯಿತು. ಅಕ್ಕ ಬಾಗಿ ಏನೋ ಹೇಳಿದ್ದು ಉಸಿರಿನ ಬಿಸಿಯಷ್ಟೇ ಆಗಿ ತಟ್ಟಿತು, ಮಾತು ಬರಲಿಲ್ಲ. ಅಂದಾಜಿನ ಮೇಲೆ ತಲೆಯಾಡಿಸಿದೆ. ಎದ್ದು ಹೋಗಿಬಿಡಬೇಕು ಎನ್ನುವಷ್ಟರಲ್ಲಿ ತನಿ ಬಂತು. ಅಕ್ಕ ಪದ್ಧತಿಯಂತೆ ಎದ್ದು ಸೆರಗು ಕೊಡವಿದಳು.

ನಾನು ಏಳಲಿಲ್ಲ. ಮೃದಂಗದ ಮೊದಲ ಪೆಟ್ಟು ಬಿದ್ದ ಕೂಡಲೇ ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ದವಡೆ ಸಡಿಲವಾಯಿತು. ಪೆಟ್ಟು ಪೆಟ್ಟಾಗಿಯೇ ಕೇಳುತ್ತಿತ್ತು. ಅದರಲ್ಲಿ ಸೇರಬೇಕಾದ ಸ್ವರವಿಲ್ಲ, ಅಣಕವಿಲ್ಲ. ಎಡಗೈ ಬಡಿಯುವ ತೊಪ್ಪಿಯ ಗುಮ್ ಎನ್ನುವುದು ಪ್ಲಾಸ್ಟಿಕ್ ಕುರ್ಚಿಯ ಮೂಲಕ ಬೆನ್ನಿಗೆ ಬಂತು. ಘಟದವರು ಉತ್ತರ ಕೊಟ್ಟರು. ಅಷ್ಟು ವರ್ಷ ನಾನು ವಡೆ ತಿನ್ನುತ್ತ ಕಳೆದುಕೊಂಡದ್ದು ಇದನ್ನು. ಅಕ್ಕ ಪಕ್ಕದಲ್ಲೇ ನಿಂತು, "ಬಾರೇ, ಡಿಕಾಕ್ಷನ್ ಖಾಲಿಯಾಗತ್ತೆ," ಎಂದಳು.

"ನೀನು ಹೋಗು. ನಂಗೆ ಇದೊಂದೇ ಸರಿಯಾಗಿ ಕೇಳಿಸೋದು."

ಅವಳು ಒಬ್ಬಳೇ ಹೋಗಿ ಬಂದಳು. ಅದಾದ ಮೇಲೆ ಅವಳು ಗೇಟಿಗೆ ಬಂದು ಹಾರ್ನ್ ಹೊಡೆಸಲಿಲ್ಲ.

ನಾನು ಮಾತ್ರ ಮಾರನೇ ದಿನದಿಂದ ಮೊಬೈಲಿನಲ್ಲಿ ಬರೀ ತನಿ ಕೇಳತೊಡಗಿದೆ. ಅದು ಮುಗಿದರೆ ಮೊಬೈಲು ತನಗೆ ತೋಚಿದ್ದನ್ನು ಹಾಕುತ್ತಿತ್ತು. ಚಂಡೆ, ತಬಲಾ, ಎಲ್ಲೆಲ್ಲಿಯದೋ ಡೋಲು. ಒಂದು ಬೆಳಿಗ್ಗೆ ಊಟದ ಮೇಜಿನ ಮೇಲೆ ಕೊತ್ತಂಬರಿ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದೆ. ಒಂದೇ ಸದ್ದು ಬರುತ್ತಿದೆ, ಒಂದೇ ಸಮನೆ, ದುಮ್ ದುಮ್ ದುಮ್ ದುಮ್. ಮೊಬೈಲು ಸಿಕ್ಕಿಕೊಂಡಿತು ಎಂದುಕೊಂಡೆ. ಕೈ ತೊಳೆದುಕೊಂಡು ಸರಿಮಾಡಬೇಕಲ್ಲ ಎಂಬ ಸೋಮಾರಿತನಕ್ಕೆ ಬಿಟ್ಟೆ. ಸೊಪ್ಪಿನ ಅರ್ಧ ಕಟ್ಟು ಮುಗಿಯುವಷ್ಟರಲ್ಲಿ ಆ ದುಮ್ ಹಿಂದೆ ಮರಳು ಜರಡಿಯಾಡಿದಂಥ ಸಣ್ಣ ಸದ್ದೊಂದು ಬಂದು ಸೇರಿತ್ತು. ಯಾವಾಗ ಬಂತು? ಮತ್ತೆ ಮೊದಲಿಂದ ಹಾಕಿ ಕಾದೆ. ಈ ಸಲವೂ ಅದು ಬಂದದ್ದು ಗೊತ್ತಾಗಲಿಲ್ಲ. ಬಂದ ಮೇಲೆಯೇ ಗೊತ್ತಾಯಿತು. ಮೂರನೇ ಸಲ ಸೊಪ್ಪು ಬಿಟ್ಟು ಕಣ್ಣು ಮುಚ್ಚಿ ಕೂತೆ. ಎರಡು ಕಿವಿಯೂ ಒಂದೇ ಮಾತು ಹೇಳುತ್ತಿದ್ದವು. ಅಂದು ಸಾರಿಗೆ ಕೊತ್ತಂಬರಿ ಬೀಳಲಿಲ್ಲ.

ಕಂಪ್ಯೂಟರು, ಯಂತ್ರಗಳಲ್ಲೇ ಮಾಡುವ ಆ ಸಂಗೀತದ ಹೆಸರು ಮಿನಿಮಲ್ ಟೆಕ್ನೋ ಎಂದು ತಿಳಿದುಕೊಂಡೆ. ಅದಕ್ಕೊಂದು ತಂಗಿಯಿದೆ, ಮಿನಿಮಲ್ ಹೌಸ್. ಟೆಕ್ನೋ ನೇರ, ನಗುವುದು ಕಡಿಮೆ. ಹೌಸ್ ಸ್ವಲ್ಪ ನಿಧಾನ, ಸೊಂಟ ಅಲುಗುತ್ತದೆ. ಇದರಲ್ಲಿ ದೊಡ್ಡ ಜನಪ್ರಿಯ ಜಾತಿಯೊಂದಿದೆ, ಹತ್ತು ಸಾವಿರ ಜನ ಕೈಯೆತ್ತಿ ನಿಲ್ಲುತ್ತಾರೆ, ಢಮಾರ್ ಎನ್ನುತ್ತದೆ, ಹೊಗೆ ಬರುತ್ತದೆ. ದೀಪಾವಳಿಯ ಪಟಾಕಿಯ ಬುದ್ಧಿ ಅದು, ನನಗೆ ಬೇಡ. ನಾನು ಹೇಳುತ್ತಿರುವುದು ಎಲ್ಲೋ ಮೂಲೆಯಲ್ಲಿ ಒಬ್ಬರು ಕೂತು ಮಾಡಿ, ಕೆಲವೇ ರೆಕಾರ್ಡ್ ಅಚ್ಚುಹಾಕಿಸಿ, ಹೆಸರು ಕೂಡ ಬರೆಯದೆ ಹೊರಗೆ ಬಿಡುವ ಸಂಗೀತ. ಅದು ಹುಡುಕದೆ ಸಿಗುವುದಿಲ್ಲ.

ಹುಡುಕುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಗಂಡು ಹುಡುಕುವುದು ಹೇಗೆ? ಹುಡುಗನನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳುತ್ತೇವೆ. ಅವನ ಸ್ನೇಹಿತರು ಯಾರು, ಯಾರ ಮನೆಗೆ ಹೋಗಿಬರುತ್ತಾನೆ, ಅವರ ಮನೆಯವರು ಎಂಥವರು. ನಾನೂ ಹಾಗೇ ಮಾಡಿದೆ. ಒಂದು ತುಣುಕು ಹಿಡಿಸಿದರೆ ಅದನ್ನು ಹೊರತಂದ ಚಿಕ್ಕ ಕಂಪನಿ ಯಾವುದು, ಆ ಕಂಪನಿಯವರು ಇನ್ಯಾರದ್ದು ತಂದಿದ್ದಾರೆ, ಅವರದ್ದನ್ನು ಯಾರು ತಮ್ಮ ಕಾರ್ಯಕ್ರಮದಲ್ಲಿ ಹಾಕುತ್ತಾರೆ ಎಂದು ಹಿಡಿದು ಹೋದೆ. ಶುಕ್ರವಾರ ಹೊಸದು ಬರುತ್ತದೆ. ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ ಕೂತರೆ ನಮ್ಮನೆಯವರು ತಿಂಡಿ ತಾವೇ ಬಡಿಸಿಕೊಳ್ಳಬೇಕು. ಬಂದದ್ದರಲ್ಲಿ ಬಹುಪಾಲು ಸಪ್ಪೆ, ಇನ್ನೊಬ್ಬರದ್ದನ್ನು ನೋಡಿ ಮಾಡಿದ್ದು. ಅದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಒಳ್ಳೆಯದರ ಲಕ್ಷಣವೇ ಬೇರೆ, ಏನೂ ಆಗುತ್ತಿಲ್ಲ ಎಂದು ನೀವು ನಂಬಿ ಕೂತಾಗ ಅದು ಸದ್ದಿಲ್ಲದೆ ಜಾಗ ಬದಲಿಸಿರುತ್ತದೆ. ಇಂಥವರೆಲ್ಲ ಸೇರಿ ಚರ್ಚೆ ಮಾಡುವ ಜಾಲತಾಣವೊಂದರಲ್ಲಿ ನಾನೂ ಬರೆಯುತ್ತೇನೆ. ಅಲ್ಲಿ ನನ್ನನ್ನು ಎಲ್ಲರೂ "ಬ್ರೋ" ಎನ್ನುತ್ತಾರೆ, ನಾನು ತಿದ್ದುವುದಕ್ಕೆ ಹೋಗಿಲ್ಲ. ಬ್ರೋಗೆ ಸಿಗುವ ಮರ್ಯಾದೆ ಆಂಟಿಗೆ ಸಿಗುವುದು ಅನುಮಾನ.

ಜೆ.ಪಿ. ನಗರದಲ್ಲಿ ಭಾನುವಾರ ಮಧ್ಯಾಹ್ನ ಇದನ್ನೇ ಕೂತು ಕೇಳುವವರಿದ್ದಾರೆ ಎಂದು ಗೊತ್ತಾದದ್ದೂ ಆ ಜಾಲತಾಣದಲ್ಲೇ. ಕುಣಿತವಿಲ್ಲ, ಕುಡಿತವಿಲ್ಲ, ಕೇಳುವುದಷ್ಟೆ. ಅಡುಗೆಮನೆಯ ಕಪಾಟುಗಳನ್ನು ಮಾಡಿಕೊಡುವ ಅಂಗಡಿಯ ಕೆಳಗಿನ ಬೇಸ್‌ಮೆಂಟು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಇಳಿಯಬೇಕು. ನಾನು ಇಳಿದಾಗ ಅದನ್ನು ನಡೆಸುವವರು, ಸಿವಿಲ್ ಎಂಜಿನಿಯರ್ ಅಂತೆ, ನಲವತ್ತರ ಆಸುಪಾಸು, ಗಾಬರಿಯಿಂದ ಎದ್ದು ಬಂದರು.

"ಮೇಡಂ, ಯಾರನ್ನ ಕರ್ಕೊಂಡು ಹೋಗಕ್ಕೆ ಬಂದ್ರಿ?"

"ಯಾರನ್ನೂ ಇಲ್ಲ. ಕೇಳಕ್ಕೆ ಬಂದೆ."

ಅವರು ನನಗೆ ಒಳ್ಳೆಯ ಕುರ್ಚಿ ಕೊಟ್ಟರು. ಪ್ಲೈವುಡ್ಡಿನಲ್ಲಿ ತಾವೇ ಕಟ್ಟಿದ ಸ್ಪೀಕರುಗಳು, ಒಂದೊಂದೂ ಬೀರುವಿನಷ್ಟು ಎತ್ತರ, ಆದರೂ ಸದ್ದು ಕೂಗಾಟವಲ್ಲ. ರೆಕಾರ್ಡ್ ಹಾಕಿದರೆ ಪೂರ್ತಿ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಇದು ಯಾವುದೆಂದು ಮೊಬೈಲು ಎತ್ತಿ ಹುಡುಕುವಂತಿಲ್ಲ. ನೆಲದ ಮೇಲೆ ಹುಡುಗರೂ ಹುಡುಗಿಯರೂ ಗೋಡೆಗೊರಗಿ ಕೂತಿದ್ದರು. ನಾನು ಸುತ್ತಲೂ ನೋಡಿದೆ. ಇದು ಬರೀ ತನಿ, ಸಂಜೆಯವರೆಗೂ ತನಿ, ಆದರೆ ಒಬ್ಬರೂ ಎದ್ದು ಹೋಗುತ್ತಿಲ್ಲ. ಆ ನೆಲದ ಕೆಳಗೆ ಕೂತು ನಾನು ಬಹಳ ಖುಷಿಯಾಗಿದ್ದೆ.

ಮುಗಿದ ಮೇಲೆ ಎಂಜಿನಿಯರು ಚಹಾ ಕುಡಿಯುತ್ತ ನೀವೇನು ಕೇಳುತ್ತೀರಿ ಎಂದು ಕೇಳಿದರು. ಮರ್ಯಾದೆಗೆ ಕೇಳಿದ್ದು ಅದು. ನಾನು ಆ ವಾರ ಸಿಕ್ಕಿದ್ದನ್ನು ಮೊಬೈಲಿನಿಂದ ಹಾಕಿಸಿದೆ. ಎಲ್ಲಿಯದೋ ಸಮುದ್ರ ತೀರದ ಸಣ್ಣ ಊರಿನವರು ಮಾಡಿದ್ದು, ಕೇಳಿದವರು ಬೆರಳೆಣಿಕೆ. ಎಂಜಿನಿಯರು ಲೋಟ ಕೆಳಗಿಟ್ಟರು. ಪಕ್ಕದ ಹುಡುಗಿ, "ಆಂಟಿ, ಇದು ಸಖತ್ತಾಗಿದೆ," ಎಂದಳು. ಅವರು, "ಇದೆಲ್ಲಿ ಸಿಕ್ತು ಮೇಡಂ? ನಾನು ಕೇಳೇ ಇಲ್ಲ," ಎಂದರು. ಕೇಳಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೆಲವು ಭಾನುವಾರಗಳಾದ ಮೇಲೆ ಅವರೇ ಹೇಳಿದರು, ಒಂದು ದಿನ ಒಂದು ಗಂಟೆ ನಿಮ್ಮದು, ನೀವು ಆಯ್ದುಕೊಡಿ, ನಾನು ಹಾಕುತ್ತೇನೆ.

ಒಪ್ಪಿದ ಕೂಡಲೇ ನೆನಪಾದದ್ದು ಅಕ್ಕ. ಗೆದ್ದಾಗ ಹೇಳಿಕೊಳ್ಳಲು ನನಗಿರುವುದು ಅವಳೊಬ್ಬಳು. ಫೋನ್ ಮಾಡಿದರೆ ಇಟ್ಟುಬಿಡುತ್ತಾಳೆಂದು ಸೀದಾ ತ್ಯಾಗರಾಜನಗರಕ್ಕೆ ಹೋದೆ. ಅವಳು ಹಜಾರದಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದಳು, ತಲೆಯೆತ್ತಲಿಲ್ಲ.

"ಏನು, ಇವತ್ತು ಮೋಟಾರು ಕೆಟ್ಟಿಲ್ವಾ?"

ಎದುರಿಗೆ ಕೂತೆ. ಬೇಸ್‌ಮೆಂಟಿನ ವಿಷಯ ಹೇಳಿದೆ. ಅವಳು ಹತ್ತಿ ಹೊಸೆಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು. ಆಮೇಲೆ ಒಂದೇ ಉಸಿರಿಗೆ ಹೊರಬಂತು.

"ಅಂದ್ರೆ ಅಲ್ಲಿ ಹೋಗಿ ಕೂರಕ್ಕಾಗತ್ತೆ, ನನ್ನ ಪಕ್ಕ ಕೂರಕ್ಕಾಗಲ್ಲ. ನಂಗೂ ಗೊತ್ತು ಕಣೇ ನಿಂಗೆ ಕಿವಿ ಸರಿಯಿಲ್ಲ ಅಂತ. ಕಿವಿ ಸರಿಯಿಲ್ದಿದ್ರೆ ಸುಮ್ನೆ ಪಕ್ಕದಲ್ಲಿ ಕೂತಿರಕ್ಕೇನು ಕಷ್ಟ? ರಾಮನವಮಿ ದಿನ ನಾನೊಬ್ಬಳೇ ನಿಂತು ಕಾಫಿ ಕುಡಿದೆ. ಆ ವಡೇನೂ ಒಬ್ಬಳೇ ತಿಂದೆ."

"ನಿನ್ನ ಮಾತೂ ಕೇಳಿಸ್ತಿಲ್ಲ ಕಣೇ ನಂಗೆ. ನೀನು ಪಕ್ಕದಲ್ಲಿ ಹೇಳ್ತೀಯಲ್ಲ, ಅದು."

"ಬಿಡು, ನನ್ನ ಮಾತು ನೀನು ಯಾವಾಗ ಕೇಳಿದ್ದೆ?"

ಎದ್ದು ಬಾಗಿಲ ತನಕ ಬಂದು, "ಭಾನುವಾರ ನಾಲ್ಕಕ್ಕೆ ಆಟೋ ತರ್ತೀನಿ. ಹಾರ್ನ್ ಹೊಡೆಸ್ತೀನಿ. ಬಂದ್ರೆ ಬಾ," ಎಂದೆ.

ಬಂದಳು. ಕಛೇರಿಗೆ ಉಡುವ ಮೈಸೂರು ಸಿಲ್ಕ್ ಉಟ್ಟು, ಚೀಲದಲ್ಲಿ ಫ್ಲಾಸ್ಕ್ ಇಟ್ಟುಕೊಂಡು. ಅಲ್ಲಿ ಕ್ಯಾಂಟೀನ್ ಇರುತ್ತದೋ ಇಲ್ಲವೋ ಎಂದು ಕಾಫಿ ತಾನೇ ತಂದಿದ್ದಳು. ಬೇಸ್‌ಮೆಂಟಿನ ಮೆಟ್ಟಿಲನ್ನು ಗೋಡೆ ಹಿಡಿದು ಒಂದೊಂದಾಗಿ ಇಳಿದಳು. ಎಂಜಿನಿಯರು ಕೈ ಮುಗಿದರು. ಅಂದು ಹಾಕಿದ್ದ ಸಾಲು ಕುರ್ಚಿಗಳಲ್ಲಿ ಅಕ್ಕ ಎಂದಿನಂತೆ ಬಲತುದಿಯದರಲ್ಲಿ ಕೂತು ಕಾಲು ಚಾಚಿದಳು, ಅವಳ ಎಡಕ್ಕೆ ನಾನು. ನನ್ನ ಗಂಟೆ ಶುರುವಾಯಿತು.

ಮೊದಲಿಗೆ ಒಂದು ನಿಧಾನದ ಹೌಸ್ ಹಾಕಿಸಿದ್ದೆ, ಹೊಸಬರಿಗೆ ದಾರಿಯಾಗಲೆಂದು. ಎರಡನೆಯದು ಇನ್ನೂ ಬರಿದು. ಮೂರನೆಯದು ಆ ಸಮುದ್ರ ತೀರದವರದು, ನಾನು ಅತ್ಯಂತ ಹೆಚ್ಚು ನಂಬಿಕೊಂಡಿದ್ದದ್ದು. ನೆಲದ ಮೇಲಿನ ತಲೆಗಳು ಒಂದೇ ಸಮ ಆಡುತ್ತಿದ್ದವು. ನಾನು ಅಕ್ಕನ ಕಡೆ ತಿರುಗಲಿಲ್ಲ. ತಿರುಗಿದರೆ ಅವಳ ಮುಖದಲ್ಲಿ ಏನಿರುತ್ತದೋ ಎಂದು ಧೈರ್ಯ ಬರಲಿಲ್ಲ. ಮಂತ್ರಿ ಮಹೋದಯರು ಬಂದಾಗಲೂ ಬ್ಯಾಂಕಿನಲ್ಲಿ ಇಷ್ಟು ಹೆದರಿದವಳಲ್ಲ ನಾನು.

ಆಗ ಬಲಗಡೆ ಸೀರೆ ಸರಿದದ್ದು ಕಣ್ಣಂಚಿಗೆ ಕಂಡಿತು. ಅಕ್ಕ ಎದ್ದಿದ್ದಳು. ಚೀಲವನ್ನೂ ಎತ್ತಿಕೊಂಡಳು.

ಕಾಫಿಗೆ ಹೊರಟಳು ಎಂದುಕೊಂಡೆ. ಇನ್ನೇನು, ತನಿ ತಾನೇ ಇದು? ಕಣ್ಣು ಮುಚ್ಚಿಕೊಂಡೆ. ಮೃದಂಗದವರು ಯಾಕೆ ಕಣ್ಣು ಮುಚ್ಚುತ್ತಾರೆಂದು ಆಗ ಸ್ಪಷ್ಟವಾಗಿ ತಿಳಿಯಿತು. ಅಕ್ಕ ಹೋದಳು, ಇನ್ನು ಬೆಲ್ಲದ ಜಗಳಕ್ಕೂ ಫೋನ್ ಬರುವುದಿಲ್ಲ.

ನನ್ನ ಎಡಗಡೆ, "ಸ್ವಲ್ಪ ಆ ಕಡೆ ಹೋಗಪ್ಪ," ಎಂಬ ಮಾತು ಕೇಳಿತು. ಕಣ್ಣು ಬಿಟ್ಟೆ. ಅಕ್ಕ ಕುರ್ಚಿಗಳ ಹಿಂದಿನಿಂದ ಸುತ್ತಿ ಬಂದಿದ್ದಳು. ಎಡಗಡೆ ಕೂತಿದ್ದವನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂರುತ್ತಿದ್ದಳು. ಎದುರಿಗೇ ಜನ ಕೂತಿದ್ದರಿಂದ ಅಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೋವು ನುಂಗಿ ಮಡಚಿದಳು. ಆಮೇಲೆ ಬಾಗಿ, ಮೂರು ದಶಕದಲ್ಲಿ ಮೊದಲ ಸಲ, ನನ್ನ ಎಡಗಿವಿಗೆ ಬಾಯಿ ತಂದಳು.

"ಎರಡು ಸಲ ಹೇಳ್ದೆ, ನೀನು ತಿರುಗಲೇ ಇಲ್ಲ. ಆ ಕಿವೀನಾ?"

ತಲೆಯಾಡಿಸಿದೆ. ಪ್ರತಿಯೊಂದು ಅಕ್ಷರವೂ ಕೇಳಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ದುಮ್ ದುಮ್ ನಡೆದೇ ಇತ್ತು. ನೆಲ ಅದನ್ನು ನಮ್ಮಿಬ್ಬರ ಬರಿಗಾಲಿಗೂ ಮುಟ್ಟಿಸುತ್ತಿತ್ತು.

ಆಮೇಲೆ ಕೈಯನ್ನು ಒಮ್ಮೆ ಅದುಮಿ, "ಇರು," ಎಂದಳು. "ಈಗ ಬದಲಾಗತ್ತೆ ನೋಡು."

ಬದಲಾಯಿತು. ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ ನನಗೂ ಆ ಜಾಗ ಅದುವರೆಗೆ ಸಿಕ್ಕಿರಲಿಲ್ಲ. ನಾನು ಹುಡುಕಿ ತಂದದ್ದನ್ನು, ಮೊದಲ ಸಲ ಕೇಳುತ್ತಿರುವವಳು, ನನಗಿಂತ ಮುಂಚೆ ಹಿಡಿದುಬಿಟ್ಟಿದ್ದಳು. ಸಂತೋಷಕ್ಕೆ ಕಣ್ಣು ತುಂಬಿತು, ಸೋತದ್ದಕ್ಕೆ ಸಿಟ್ಟೂ ಬಂತು.

"ಕಾಫಿ ನಿಂದು," ಎಂದಳು ಅಕ್ಕ ನನ್ನ ಎಡಗಿವಿಯಲ್ಲಿ.

ಫ್ಲಾಸ್ಕ್ ಅವಳ ಮಡಿಲಲ್ಲೇ ಇತ್ತು. ಮುಗಿಯುವವರೆಗೆ ನಾವಿಬ್ಬರೂ ಏಳಲಿಲ್ಲ.